ಅಟ್ಟದ ಮೇಲಿನ ಗೊಂಬೆಗೆ ಬೆಲೆ ಕಟ್ಟುವುದು ಹೇಗೆ?

(ದಾಂಡೇಲಿಯಲ್ಲಿ ನವರಾತ್ರಿಯ ಗೊಂಬೆ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಬಣ್ಣ ಉದುರಿದ ಮರದ ಕುದುರೆ, ಚಕ್ರ ಕಳೆದುಕೊಂಡ ತಗಡಿನ ಮೋಟಾರು, ಅಜ್ಜಿಯ ಕಾಲದ ಗಿಲಕಿ ಹೊರಬರುತ್ತವೆ. ಕೆಲವು ಗುಜರಿಯವನ ತಕ್ಕಡಿಗೆ ಹೋಗುತ್ತವೆ. ಉಳಿದವಕ್ಕೆ ‘ಹೊಸದಾಗಿ ಕಾಣಲಿ’ ಎಂದು ಬಣ್ಣ ಬಳಿಯುತ್ತೇವೆ. ಎರಡರಲ್ಲೂ ನಷ್ಟ ನಮಗೇ. ಹಳೆಯ ಆಟಿಕೆಯ ಬೆಲೆ ಇರುವುದು ಅದರ ಮೂಲ ಮೈಯಲ್ಲಿ ಮತ್ತು ಅದರ ಜೊತೆಗಿರುವ ಕಥೆಯಲ್ಲಿ. ಬಣ್ಣ ಬಳಿದರೆ ಮೊದಲನೆಯದು ಹೋಗುತ್ತದೆ, ವಿಚಾರಿಸದೆ ಮಾರಿದರೆ ಎರಡನೆಯದು.

ಮೊದಲ ಪ್ರಶ್ನೆ, ಇದು ಎಲ್ಲಿಯ ಗೊಂಬೆ? ನಮ್ಮ ಭಾಗದಲ್ಲಿ ಉತ್ತರ ಸುಲಭವಲ್ಲ. ಕಾಗದ ಕಾರ್ಖಾನೆ ಬಂದ ಮೇಲೆ ದಾಂಡೇಲಿಗೆ ನಾನಾ ರಾಜ್ಯಗಳ ಕುಟುಂಬಗಳು ಬಂದವು. ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಜೋಯಿಡಾ ಕಡೆಯವರಿಗೆ ಗೋವೆಯ ನಂಟಿದೆ. ಹಳಿಯಾಳಕ್ಕೆ ಧಾರವಾಡ, ಬೆಳಗಾವಿ ಎರಡೂ ಹತ್ತಿರ. ಜನರೊಂದಿಗೆ ಅವರ ಮಕ್ಕಳ ಆಟಿಕೆಗಳೂ ಬಂದಿರುತ್ತವೆ.

ಚನ್ನಪಟ್ಟಣದ್ದನ್ನು ಗುರುತಿಸುವುದು ಕಷ್ಟವಲ್ಲ. ಆಲೆಮರದ ತುಂಡನ್ನು ಲೇತಿನ ಮೇಲೆ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯಂಥ ಕೇದಿಗೆ ಜಾತಿಯ ಎಲೆಯಿಂದ ಹೊಳಪು ಕೊಡುತ್ತಾರೆ. ಆದ್ದರಿಂದ ಅಂಥ ಗೊಂಬೆಯ ಮೈ ಗುಂಡಗಿರುತ್ತದೆ, ಕುಂಚದ ಗೆರೆ ಕಾಣುವುದಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ್ದು ಬೇರೆ ಬಗೆ. ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಜೋಡಿಸಿ, ಹುಣಸೆಬೀಜದ ಅಂಟಿನಿಂದ ಮಾಡಿದ ಸರಿಯಲ್ಲಿ ಮೈ ತಿದ್ದಿ, ಕುಂಚದಿಂದ ಬಣ್ಣ ಹಚ್ಚುತ್ತಾರೆ. ಬಣ್ಣ ಎದ್ದ ಕಡೆ ಒಳಗಿನ ಲೇಪ ಇಣುಕುತ್ತದೆ. ಮರದ ಹಣ್ಣು, ತರಕಾರಿಗಳನ್ನು ಗೋಕಾಕದಲ್ಲೂ ಗಡಿಯಾಚೆಯ ಸಾವಂತವಾಡಿಯಲ್ಲೂ ಮಾಡುತ್ತಾರೆ. ಇಂಥವನ್ನು ನೋಟ ಮಾತ್ರದಿಂದ ಬೇರ್ಪಡಿಸುವ ಆತುರ ಬೇಡ. ಯಾವ ಜಾತ್ರೆಯಿಂದ ತಂದದ್ದು ಎಂದು ಮನೆಯ ಹಿರಿಯರನ್ನು ಕೇಳಿ.

ಎರಡನೆಯ ಪ್ರಶ್ನೆ, ಎಷ್ಟು ಹಳೆಯದು? ಇಲ್ಲಿ ಡಬ್ಬಿಯೇ ಸಾಕ್ಷಿ. ಬೆಲೆ ಆಣೆಯಲ್ಲಿದ್ದರೆ ಅದು ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್‌ಗಿಂತ ಮೊದಲಿನದಿರಬೇಕು. ತಗಡಿನ ಆಟಿಕೆಯ ತಳದಲ್ಲಿ ‘ಆಕ್ರಮಿತ ಜಪಾನ್’ ಎಂಬ ಅರ್ಥದ ಇಂಗ್ಲಿಷ್ ಮುದ್ರೆಯಿದ್ದರೆ ಅದು ಮಹಾಯುದ್ಧ ಮುಗಿದ ಮೇಲಿನ, 1952ಕ್ಕೆ ಮುಂಚಿನ ಮಾಲು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರೊಳಗಿನದು. ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ. ಆದ್ದರಿಂದ ಮೊಳೆ, ತುಕ್ಕು, ಸವಕಳಿಗಳನ್ನೂ ನೋಡಬೇಕು. ಮಗುವಿನ ಕೈ ತಾಗುವ ಕಡೆ ಸವೆದಿದ್ದರೆ ಅದು ಸಹಜ. ಎಲ್ಲ ಕಡೆ ಒಂದೇ ಸಮನೆ ‘ಹಳತಾಗಿ’ದ್ದರೆ ಅನುಮಾನಿಸಬೇಕು.

ಮೂರನೆಯದು ಬೆಲೆ. ಹಳೆಯದಾದ ಮಾತ್ರಕ್ಕೆ ದುಬಾರಿಯಲ್ಲ. ಅಪರೂಪವೇ? ಮೂಲ ಬಣ್ಣ ಇದೆಯೇ? ಚಾವಿ, ಚಕ್ರ, ಡಬ್ಬಿ ಎಲ್ಲ ಇವೆಯೇ? ಬೇಕೆನ್ನುವವರಿದ್ದಾರೆಯೇ? ಈ ನಾಲ್ಕರ ಮೇಲೆ ಬೆಲೆ ನಿಲ್ಲುತ್ತದೆ. ಮಾರುವವನು ಕೇಳುವ ಬೆಲೆಯನ್ನು ನಂಬಬೇಡಿ. ಅಂಥದ್ದೇ ವಸ್ತು, ಅದೇ ಸ್ಥಿತಿಯಲ್ಲಿ, ನಿಜಕ್ಕೂ ಎಷ್ಟಕ್ಕೆ ಮಾರಾಟವಾಯಿತು ಎಂಬುದೇ ಅಳತೆಗೋಲು. ಒಬ್ಬನೇ ವ್ಯಾಪಾರಿಯ ಮಾತಿಗೆ ಕೊಡದೆ ಇಬ್ಬರು ಮೂವರನ್ನು ವಿಚಾರಿಸಿ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ.

ಎರಡು ಎಚ್ಚರಿಕೆಯ ಮಾತು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು, ಎಳೆಯ ಮಕ್ಕಳ ಬಾಯಿಗೆ ಸಿಗದಂತಿಡಿ. ಸೆಲ್ಯುಲಾಯ್ಡ್ ಗೊಂಬೆಗೆ ಬೆಂಕಿ ಬಲುಬೇಗ ಹತ್ತುತ್ತದೆ, ದೀಪದ ಹತ್ತಿರ ಕೂರಿಸಬೇಡಿ. ಧೂಳನ್ನು ಮೆತ್ತಗಿನ ಒಣ ಕುಂಚದಿಂದ ತೆಗೆದರೆ ಸಾಕು. ನೀರು, ಸೋಪು ಬೇಡ.

ಎಲ್ಲ ಆಟಿಕೆಯೂ ಉಳಿಯುವುದಕ್ಕೆ ಹುಟ್ಟಿದ್ದಲ್ಲ ಎಂಬುದೂ ನೆನಪಿರಲಿ. ನಮ್ಮ ರೈತರ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತುಗಳು ಪೂಜೆಯಾದ ಮೇಲೆ ನೀರು ಸೇರುತ್ತವೆ. ಯಾವ ಸಂಗ್ರಾಹಕನಿಗೂ ಅವು ಸಿಗುವುದಿಲ್ಲ. ಅಲ್ಲಿ ಉಳಿಯಬೇಕಾದದ್ದು ಮಾಡುವ ಕೈ.

ಉಳಿದು ಬಂದವುಗಳ ಮಾತು ಬೇರೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದಾಗ ಜನ ರಾಮನಗರದತ್ತ ಹೊರಟರು. ಗಂಟುಮೂಟೆಯಲ್ಲಿ ಒಂದು ಬುಗುರಿ ಬಂದಿದ್ದರೆ, ಪೇಟೆಯಲ್ಲಿ ಅದಕ್ಕೆ ನಾಲ್ಕು ಕಾಸೂ ಸಿಗಲಿಕ್ಕಿಲ್ಲ. ಆದರೆ ಮುಳುಗಿದ ಊರಿನ ಸಾಕ್ಷಿಯಾಗಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆ ಸಾಕ್ಷಿ ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಮಾರುವುದಿದ್ದರೂ ಸರಿ, ಇಟ್ಟುಕೊಳ್ಳುವುದಿದ್ದರೂ ಸರಿ, ಮೊದಲು ಒಂದು ಚೀಟಿ ಬರೆಯಿರಿ. ಯಾರು ತಂದರು, ಯಾವ ಊರಿನಿಂದ, ಯಾವ ವರ್ಷ, ಆಡಿದವರು ಯಾರು? ಫೋಟೋ ತೆಗೆದು ಚೀಟಿಯನ್ನು ಗೊಂಬೆಯ ಜೊತೆಗೇ ಇಡಿ. ಖರ್ಚು ಏನೂ ಇಲ್ಲ. ಅಜ್ಜಿ ಇನ್ನೂ ಜಗಲಿಯ ಮೇಲೆ ಕೂತಿರುವಾಗಲೇ ಕೇಳಿ ಬರೆದುಕೊಳ್ಳಿ.