ಬೀಸಣಿಗೆಯ ಲೆಕ್ಕ



ನಮ್ಮ ಸಭಾಭವನ ಮತ್ತು ವಾಚನಾಲಯಗಳ ಇಪ್ಪತ್ತು ಹಳೆಯ ವಿದ್ಯುತ್ ಬೀಸಣಿಗೆಗಳಿಗೆ ಮತ್ತೆ ತಂತಿ ಸುತ್ತಿಸಿ ಬಳಸುವುದೇ, ಹೊಸವನ್ನು ಕೊಳ್ಳುವುದೇ ಎಂಬ ಪ್ರಶ್ನೆ ಸಮಿತಿಯ ಮುಂದಿದೆ. ಇರುವುದನ್ನೇ ದುರಸ್ತಿ ಮಾಡುವುದು ಮಿತವ್ಯಯವೆಂದು ಹಲವರ ಮತ. ಗಡಿನಾಡಿನ ಸಂಘಕ್ಕೆ ಸದಸ್ಯರ ವಂತಿಗೆಯೇ ಆಧಾರ. ಆದುದರಿಂದ ಈ ಎಚ್ಚರ ಶ್ಲಾಘ್ಯವಾದುದು. ಆದರೆ ಬೀಸಣಿಗೆಗೆ ಬೆಲೆ ಎರಡು: ಅಂಗಡಿಯಲ್ಲಿ ಒಮ್ಮೆ ಕೊಡುವುದೊಂದು, ವಿದ್ಯುತ್ ಬಿಲ್ಲಿನಲ್ಲಿ ವರ್ಷವರ್ಷವೂ ತೆರುವುದು ಇನ್ನೊಂದು.

ಹಳೆಯ ಬೀಸಣಿಗೆಯೊಳಗಿನದು ಇಂಡಕ್ಷನ್ ಮೋಟರು. ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟು ಪಡೆದ ಯಂತ್ರದ ವಂಶಕ್ಕೆ ಸೇರಿದುದು. ಅದರ ನಿಶ್ಚಲ ಸುರುಳಿಯು ತಿರುಗುವ ಭಾಗದಲ್ಲಿ ವಿದ್ಯುತ್ತನ್ನು ಪ್ರೇರಿಸಿ ಕಾಂತವನ್ನಾಗಿಸಬೇಕು. ಈ ಕಾರ್ಯದಲ್ಲಿ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಬಿ.ಎಲ್.ಡಿ.ಸಿ. ಎಂಬ ಹೊಸ ಮೋಟರಿನಲ್ಲಿ ತಿರುಗುವ ಭಾಗಕ್ಕೆ ಸ್ಥಿರಕಾಂತಗಳನ್ನೇ ಕೂರಿಸಿರುವುದರಿಂದ ಆ ನಷ್ಟವಿಲ್ಲ. ಹಳೆಯದು ಸುಮಾರು 75 ವಾಟ್ ಬೇಡಿದರೆ, ಇದು ಸುಮಾರು 30 ವಾಟ್‌ನಲ್ಲಿ ಅಷ್ಟೇ ಗಾಳಿಯನ್ನು ಬೀಸಬಲ್ಲುದು.

ಈಗ ಗಣಿತ ನೋಡೋಣ. ಒಂದಕ್ಕೆ 45 ವಾಟ್ ಉಳಿದರೆ ಇಪ್ಪತ್ತಕ್ಕೆ 900 ವಾಟ್. ದಿನಕ್ಕೆ ಆರು ತಾಸಿನಂತೆ 5.4 ಯೂನಿಟ್, ವರ್ಷದಲ್ಲಿ 200 ದಿನ ತಿರುಗಿದರೆ 1080 ಯೂನಿಟ್. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಬೇರೆ ನಿದರ್ಶನ ಬೇಕೆ?

ವೇಗದ ಮಾತೂ ಉಂಟು. ವೇಗ ಅರ್ಧವಾದಾಗ ಗಾಳಿಯನ್ನು ನೂಕಲು ರೆಕ್ಕೆಗಳಿಗೆ ಬೇಕಾದ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಗೋಡೆಯ ಹಳೆಯ ಪೆಟ್ಟಿಗೆಯಂಥ ರೆಗ್ಯುಲೇಟರು ಆ ಉಳಿತಾಯದ ಒಂದಂಶವನ್ನು ತನ್ನ ತಂತಿಯಲ್ಲೇ ಸುಡುತ್ತದೆ. ಹವಾನಿಯಂತ್ರಿತ ಕಟ್ಟಡಗಳಲ್ಲಿಯಂತೂ ನಷ್ಟ ಇಮ್ಮಡಿ: ತಂಪುಗಾಳಿಯನ್ನು ನೂಕುವ ಮೋಟರು ಸೂಸಿದ ಬಿಸಿಯನ್ನು ಹೊರಹಾಕಲು ಶೀತಲಯಂತ್ರವು ಮತ್ತಷ್ಟು ವಿದ್ಯುತ್ತನ್ನು ನುಂಗುತ್ತದೆ.

ಹೊಸತಿಗೆ ಬೆಲೆ ಹೆಚ್ಚೆಂಬುದೂ, ಅದರ ಎಲೆಕ್ಟ್ರಾನಿಕ್ ಫಲಕ ಕೆಟ್ಟರೆ ಊರಿನ ಎಲ್ಲ ಕುಶಲಕರ್ಮಿಗಳೂ ಸರಿಪಡಿಸಲಾರರೆಂಬುದೂ ನಿಜ. ಆದಕಾರಣ ಖಾತರಿಯ ಅವಧಿಯನ್ನು ವಿಚಾರಿಸಿಯೇ ಕೊಳ್ಳತಕ್ಕದ್ದು. ಭಾರತದಲ್ಲಿ ಛಾವಣಿ ಬೀಸಣಿಗೆಗಳಿಗೆ ನಕ್ಷತ್ರಚೀಟಿ 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ಒಂದು ವಾಟಿಗೆ ಎಷ್ಟು ಗಾಳಿ ಎಂಬುದೇ ಅದರ ಅಳತೆಗೋಲು. ನಕ್ಷತ್ರ ಹೆಚ್ಚಿದಷ್ಟೂ ವ್ಯಯ ಕಡಮೆ.

ಕೊನೆಯದಾಗಿ ಒಂದು ಮಾತು. ಬೀಸಣಿಗೆ ಕೋಣೆಯನ್ನು ತಣಿಸುವುದಿಲ್ಲ. ಬೆವರನ್ನು ಆರಿಸಿ ಮೈಯನ್ನು ತಣಿಸುತ್ತದೆ. ಬರಿದಾದ ಕೋಣೆಯಲ್ಲಿ ಅದು ಯಾರಿಗಾಗಿ ತಿರುಗಬೇಕು? ಎದ್ದು ಹೋಗುವಾಗ ಗುಂಡಿಯೊತ್ತಿ ನಿಲ್ಲಿಸುವುದು ಕಾಸಿಲ್ಲದ ಉಳಿತಾಯ. ಹೀಗೆ ಉಳಿದ ಹಣ ಬಿಲ್ಲಿಗೆ ಸಲ್ಲದೆ ವಾಚನಾಲಯದ ಕನ್ನಡ ಪುಸ್ತಕಗಳಿಗೆ ಸಲ್ಲಲಿ ಎಂದು ಸಮಿತಿಯನ್ನು ಪ್ರಾರ್ಥಿಸಿ ವಿರಮಿಸುತ್ತೇವೆ.