17 ಗಂಟೆ ಅಂದ್ರೆ ಎಷ್ಟು?

ಹೊಸಪೇಟೆಯಿಂದ ಮಾತಾಡ್ತಿದ್ದೀನಿ. ಇವತ್ತು ನಾನೇ ಮಾಡಿದ ಒಂದು ತಪ್ಪು ಲೆಕ್ಕದ ಕಥೆ. ಬಿ.ಕಾಂ. ಓದಿದವನು ನಾನು!

ಕಂಪ್ಲಿಯಲ್ಲಿ ನಮ್ಮಜ್ಜಿ ತೀರಿಕೊಂಡ್ರು. ಅಕ್ಕ ಇರೋದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. "ಟಿಕೆಟ್ ಸಿಕ್ತಪ್ಪ, ಮನೆ ಬಿಟ್ಟೆ" ಅಂತ ಅವಳು ಫೋನ್ ಮಾಡಿದಾಗ ಅಲ್ಲಿ ಮಂಗಳವಾರ ಸಂಜೆ 6, ಇಲ್ಲಿ ಬುಧವಾರ ಬೆಳಗ್ಗೆ 7.30. ಮೊಬೈಲ್‌ನಲ್ಲಿ ನೋಡಿದೆ: ಬೆಂಗಳೂರಿಗೆ ನೇರ ವಿಮಾನ, ಸುಮಾರು 14,000 ಕಿ.ಮೀ., 17 ಗಂಟೆ. "ಮಧ್ಯರಾತ್ರಿಗೆ ಬರ್ತಾಳೆ" ಅಂತ ಹಿರಿಯರಿಗೆ ಹೇಳಿಬಿಟ್ಟೆ.

17 ಗಂಟೆ ಸುಳ್ಳಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಇದೇ ಮಾರ್ಗದ ಮೊದಲ ನೇರ ವಿಮಾನವನ್ನ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿದ್ದೂ ಸುಮಾರು ಅಷ್ಟೇ ಹೊತ್ತಲ್ಲಿ. ಆದ್ರೆ ಅದು ಏರ್‌ಪೋರ್ಟ್‌ನಿಂದ ಏರ್‌ಪೋರ್ಟ್‌ಗೆ ಮಾತ್ರ.

ಮನೆಯಿಂದ ಮನೆಗೆ ಕೂಡಿಸಿ ನೋಡಿ. ಅಲ್ಲಿ ಮೊದಲೇ ಹೋಗಿ ಕಾಯೋಕೆ 3 ಗಂಟೆ. ವಿಮಾನ 17. ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗು ಒಂದೂವರೆ. ಕಾರಲ್ಲಿ ಚಿತ್ರದುರ್ಗ, ಹೊಸಪೇಟೆ ದಾಟಿ ಕಂಪ್ಲಿಗೆ ಏಳೂವರೆ. ಒಟ್ಟು 29!

ಅಕ್ಕ ಬಂದದ್ದು ಗುರುವಾರ ಮಧ್ಯಾಹ್ನ 12.30ಕ್ಕೆ. ರಾತ್ರಿಯೆಲ್ಲ ಕಾದ ಹಿರಿಯರು ಬೆಳಗ್ಗೆಯೇ ಮಣ್ಣು ಮಾಡಿ ಬಂದಿದ್ರು. "ಮಧ್ಯಾಹ್ನ ಅಂತ ಮೊದಲೇ ಹೇಳಿದ್ರೆ ಫ್ರೀಜರ್ ಬಾಕ್ಸ್ ತರಿಸಿ ಕಾಯ್ತಿದ್ವಲ್ಲೋ" ಅಂದ್ರು ದೊಡ್ಡಪ್ಪ. ಅಕ್ಕ ನನಗೆ ಏನೂ ಅನ್ನಲಿಲ್ಲ.

ನಿಮ್ಮವರೂ ದೂರ ಇದ್ರೆ, ಮನೆಯಿಂದ ಮನೆಗೆ ಎಷ್ಟು ಗಂಟೆ ಅಂತ ಇವತ್ತೇ ಬರೆದಿಟ್ಕೊಳ್ಳಿ. ಸಂಡೂರು ತಾಲ್ಲೂಕಿನ ತೋರಣಗಲ್ಲಲ್ಲೂ ಏರ್‌ಪೋರ್ಟ್ ಇದೆ. ಬೆಂಗಳೂರಿಂದ ಅಲ್ಲಿಗೆ ಯಾವ ದಿನ, ಎಷ್ಟೊತ್ತಿಗೆ ವಿಮಾನ ಅಂತಲೂ ನೋಡಿಡಿ. ಆ ಹೊತ್ತಲ್ಲಿ ಲೆಕ್ಕ ಮಾಡೋಕೆ ತಲೆ ಓಡಲ್ಲ.

ಮುಂದಿನ ವಾರ ಸಿಗೋಣ.