ಚರ್ಮದ ಮೇಲೆ ದಾರದ ಹೂವು



ಮನೆಗೆ ಬಂದ ಅಕ್ಕಿಯ ಚೀಲದ ಬಾಯಿ ಬಿಚ್ಚುವುದನ್ನು ನೀವೆಲ್ಲ ನೋಡಿದ್ದೀರಿ. ದಾರದ ಸರಿಯಾದ ತುದಿ ಕೈಗೆ ಸಿಕ್ಕರೆ ಒಂದೇ ಎಳೆತಕ್ಕೆ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಎಷ್ಟು ಜಗ್ಗಿದರೂ ಬರುವುದಿಲ್ಲ, ಕೊನೆಗೆ ಕತ್ತರಿಯೇ ಬೇಕು. ಈ ಹೊಲಿಗೆಗೆ ಸರಪಣಿ ಹೊಲಿಗೆ ಎಂದು ಹೆಸರು. ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಸಾಗುತ್ತದೆ. ಚರ್ಮದ ಮೇಲೆ ಬಣ್ಣಬಣ್ಣದ ದಾರದಿಂದ ಹೂವು, ಬಳ್ಳಿ, ನವಿಲುಗಳನ್ನು ಮೂಡಿಸುವ ಕಸೂತಿಗೂ ಇದೇ ಹೊಲಿಗೆ ಮುಖ್ಯ ಆಧಾರ. ಆ ಕಸೂತಿಯ ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಬಟ್ಟೆಯ ಕಸೂತಿ ನಿಮಗೆ ಗೊತ್ತು. ನಮ್ಮ ಧಾರವಾಡದ ಕಸೂತಿಯಲ್ಲಿ ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತಾರೆ. ಸೂಜಿ ಬಟ್ಟೆಯ ಎಳೆಗಳನ್ನು ಸ್ವಲ್ಪ ಸರಿಸಿ ದಾರಿ ಮಾಡಿಕೊಳ್ಳುತ್ತದೆ, ತಪ್ಪಾದರೆ ಬಿಚ್ಚಬಹುದು, ಎಳೆಗಳು ಮತ್ತೆ ತಮ್ಮ ಜಾಗಕ್ಕೆ ಕೂಡಿಕೊಳ್ಳುತ್ತವೆ. ಚರ್ಮದಲ್ಲಿ ಹಾಗಲ್ಲ. ಚರ್ಮಕ್ಕೆ ನೇಯ್ಗೆ ಇಲ್ಲ, ಅದು ಅಡ್ಡಾದಿಡ್ಡಿ ಹೆಣೆದುಕೊಂಡ ನಾರುಗಳ ಒಂದು ಗಟ್ಟಿ ಹಾಳೆ. ಒಮ್ಮೆ ಚುಚ್ಚಿದ ತೂತು ಮುಚ್ಚುವುದಿಲ್ಲ. ಹೀಗಾಗಿ ಇಲ್ಲಿ ಕೈ ತಪ್ಪುವಂತಿಲ್ಲ, ತಪ್ಪಿದರೆ ಗುರುತು ಶಾಶ್ವತ.

ಇದನ್ನು ನಾನು ಕಲಿತದ್ದು ಕಾಲೇಜಿನ ದಿನಗಳಲ್ಲಿ, ಒಂದು ಚರ್ಮದ ಕೈಚೀಲವನ್ನು ಹಾಳು ಮಾಡಿಕೊಂಡು. ಹೂವಿನ ಅಂಚು ನಯವಾಗಿ ಬರಲಿ ಎಂದು ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕಿದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಎರಡು ವಾರ ಹೆಗಲಿಗೆ ಹಾಕಿಕೊಂಡು ಓಡಾಡಿದ ಮೇಲೆ ಹೂವು ಹೂವಿನ ಆಕಾರದಲ್ಲಿಯೇ ಕಳಚಿ ಬಂತು! ಅಂಚೆ ಚೀಟಿಯ ಹಾಳೆಯನ್ನು ನೆನಪಿಸಿಕೊಳ್ಳಿ. ಸಾಲಾಗಿ ತೂತು ಹಾಕಿರುವುದೇ ಅಲ್ಲಿ ಸುಲಭವಾಗಿ ಹರಿಯಲಿ ಎಂದು. ನಾನು ಮಾಡಿದ್ದೂ ಅದನ್ನೇ. ಬಲ್ಲವರು ಹೊಲಿಗೆಯಿಂದ ಹೊಲಿಗೆಗೆ ಅಂತರ ಬಿಡುತ್ತಾರೆ, ಒಂದು ಸಾಲಿನ ತೂತಿನ ಪಕ್ಕದಲ್ಲಿಯೇ ಇನ್ನೊಂದು ಸಾಲಿನ ತೂತು ಬಾರದಂತೆ ನೋಡಿಕೊಳ್ಳುತ್ತಾರೆ.

ಈ ಕೆಲಸದ ಮುಖ್ಯ ಸಲಕರಣೆ ‘ಆರಿ’. ಮರದ ಹಿಡಿ, ಅದರ ತುದಿಗೆ ತೆಳ್ಳನೆಯ ಉಕ್ಕಿನ ಮೊನೆ, ಮೊನೆಯ ಬಳಿ ಚಿಕ್ಕದೊಂದು ಕಚ್ಚು ಅಥವಾ ಕೊಕ್ಕೆ. ಬಲಗೈ ಆರಿಯನ್ನು ಮೇಲಿನಿಂದ ಚುಚ್ಚುತ್ತದೆ. ಎಡಗೈ ಕೆಳಗೆ ದಾರವನ್ನು ಹಿಡಿದು ಕಾದಿದ್ದು ಅದನ್ನು ಕೊಕ್ಕೆಗೆ ಸಿಕ್ಕಿಸುತ್ತದೆ. ಆರಿ ಮೇಲೆ ಬರುವಾಗ ದಾರದ ಒಂದು ಕುಣಿಕೆಯನ್ನು ಎಳೆದು ತರುತ್ತದೆ. ಮುಂದಿನ ಬಾರಿ ಆ ಕುಣಿಕೆಯೊಳಗಿನಿಂದಲೇ ಚುಚ್ಚಬೇಕು, ಹೊಸ ಕುಣಿಕೆ ಹಳೆಯದನ್ನು ಹಿಡಿದು ನಿಲ್ಲಿಸುತ್ತದೆ. ಎಡಗೈಗೆ ಕಣ್ಣಿಲ್ಲ, ಅದು ಬರಿಯ ಸ್ಪರ್ಶದಿಂದ ಕೆಲಸ ಮಾಡುತ್ತದೆ. ಸೂಜಿಯಿಂದ ಹೊಲಿಯುವಾಗ ದಾರವನ್ನೆಲ್ಲ ಪ್ರತಿ ತೂತಿನಲ್ಲೂ ಎಳೆಯಬೇಕು. ಇಲ್ಲಿ ಆ ಕಷ್ಟವಿಲ್ಲ. ದಪ್ಪ ಚರ್ಮದ ಒರಟು ತೂತಿನಲ್ಲಿ ರೇಷ್ಮೆ ದಾರ ಉಜ್ಜಿ ಉಜ್ಜಿ ನವೆಯುವುದು ಇದರಿಂದ ತಪ್ಪುತ್ತದೆ.

‘ಆರಿ ವರ್ಕ್’ ಎಂಬ ಫಲಕವನ್ನು ನಿಮ್ಮ ಊರಿನ ದರ್ಜಿ ಅಂಗಡಿಯ ಮೇಲೆ ಓದಿರುತ್ತೀರಿ. ಮದುವೆಯ ರವಿಕೆಯ ತೋಳಿಗೆ ಜರಿ, ಮಣಿ ಕೂರಿಸುವುದು ಇದೇ ಉಪಕರಣದಿಂದ. ಅಮರಕೋಶವನ್ನು ತೆರೆದು ನೋಡಿ: ಅಲ್ಲಿ ‘ಆರಾ’ ಎಂದರೆ ಚರ್ಮವನ್ನು ಚುಚ್ಚುವ ಸಲಕರಣೆ. ಮದುಮಗಳ ರವಿಕೆಗೆ ಬಂದಿರುವುದು ಚಮ್ಮಾರನ ಕೈಯ ಮೊನೆ. ಈ ಮಾತನ್ನು ಕೇಳಿ ಯಾರಾದರೂ ಮೂಗು ಮುರಿದರೆ ಅವರಿಗೆ ಮುಂದಿನ ಕತೆಯನ್ನು ಹೇಳಿ.

ಗುಜರಾತಿನ ಚರ್ಮದ ಕೆಲಸ ಬಹಳ ಹಳೆಯದು. 13ನೆಯ ಶತಮಾನದ ಕೊನೆಯಲ್ಲಿ ಬಂದ ವೆನಿಸ್‌ನ ಪ್ರವಾಸಿ ಮಾರ್ಕೊ ಪೋಲೊ ಅಲ್ಲಿನ ಕೆಂಪು, ನೀಲಿ ಚರ್ಮದ ಚಾಪೆಗಳನ್ನು ವರ್ಣಿಸಿದ್ದಾನೆ. ಅವುಗಳ ಮೇಲೆ ಹಕ್ಕಿ, ಪ್ರಾಣಿಗಳ ಆಕೃತಿಗಳಿದ್ದವಂತೆ, ಚಿನ್ನ ಬೆಳ್ಳಿಯ ತಂತಿಯ ಕಸೂತಿ ಇತ್ತಂತೆ. ಕಚ್ಛ್ ಪ್ರದೇಶದಲ್ಲಿ ಮೋಚಿಗಳು, ಅಂದರೆ ಪಾದರಕ್ಷೆ ಹೊಲಿಯುವವರು, ಆರಿಯ ಕೆಲಸದಲ್ಲಿ ನಿಪುಣರಾಗಿದ್ದರು. ಕುದುರೆಯ ಜೀನು, ಕತ್ತಿಯ ಪಟ್ಟಿ, ಗುರಾಣಿಯ ಒಳಮೆತ್ತೆಗಳ ಮೇಲೆ ಪಳಗಿದ ಅವರ ಕೈ ಮುಂದೆ ರೇಷ್ಮೆ ಬಟ್ಟೆಗೂ ಹರಿಯಿತು. ‘ಮೋಚಿ ಭರತ್’ ಎಂಬ ಹೆಸರೇ ಅದಕ್ಕೆ ಬಂತು. ಭುಜ್ ನಗರದ ರಾಜಮನೆತನದ ಸ್ತ್ರೀಯರ ಘಾಗ್ರಾ, ಚೋಳಿಗಳ ಮೇಲೆ ಮೂಡಿದ ಗಿಳಿ, ನವಿಲು, ಹೂಬುಟ್ಟಿಗಳು ಈ ಕೈಗಳ ಕೆಲಸ. 17ನೆಯ ಶತಮಾನದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಗುಜರಾತಿನ ಸರಪಣಿ ಹೊಲಿಗೆಯ ಪರದೆಗಳನ್ನು ಹಡಗಿನಲ್ಲಿ ಒಯ್ಯಿತು. ಅಂಥವು ಕೆಲವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂದಿಗೂ ಇವೆ. ಹೊಲಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಒಂದು ಸಣ್ಣ ಉಪಕತೆ. ಕೊಕ್ಕೆಯ ಸೂಜಿಯಿಂದ ಸರಪಣಿ ಹೊಲಿಯುವ ವಿಧಾನ ಯೂರೋಪಿನಲ್ಲಿಯೂ ಬಳಕೆಗೆ ಬಂದಿತ್ತು. ಅದನ್ನು ನೋಡಿಯೇ ಬಾರ್ತೆಲೆಮಿ ತಿಮೊನಿಯೆ ಎಂಬ ಫ್ರೆಂಚ್ ದರ್ಜಿ ಒಂದು ಹೊಲಿಗೆ ಯಂತ್ರವನ್ನು ರೂಪಿಸಿ 1830ರಲ್ಲಿ ಪೇಟೆಂಟ್ ಪಡೆದ. ಅದರ ಸೂಜಿಯಲ್ಲೂ ಕೊಕ್ಕೆ, ಹೊಲಿಗೆಯೂ ಸರಪಣಿಯೇ. ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ನುಗ್ಗಿ ಆ ಯಂತ್ರಗಳನ್ನು ಒಡೆದುಹಾಕಿದರು. ಅವರ ಭಯ ಸುಳ್ಳಾಗಿರಲಿಲ್ಲ ಎಂಬುದು ಬೇರೆ ಮಾತು.

ಈಗ ಚರ್ಮಕ್ಕೇ ಹಿಂತಿರುಗೋಣ. ರಾಜಸ್ಥಾನದ ಮೋಜಡಿ, ಪಂಜಾಬಿನ ಜುತ್ತಿಗಳನ್ನು ನೀವು ಮೇಳಗಳಲ್ಲಿ ನೋಡಿರಬಹುದು. ಅಡಿಯ ಅಟ್ಟೆಗೆ ದಪ್ಪ ಚರ್ಮ, ಮೇಲ್ಭಾಗಕ್ಕೆ ಆಡಿನ ಮೆತ್ತನೆಯ ಚರ್ಮ. ಸಾಂಪ್ರದಾಯಿಕ ಜುತ್ತಿಯಲ್ಲಿ ಎಡ ಬಲ ಎಂಬ ಭೇದವಿಲ್ಲ, ತೊಟ್ಟವರ ಪಾದವೇ ಕೆಲವು ದಿನಗಳಲ್ಲಿ ಅದಕ್ಕೆ ಆಕಾರ ಕೊಡುತ್ತದೆ. ಅನೇಕ ಮನೆಗಳಲ್ಲಿ ಕತ್ತರಿಸುವುದು, ಅಟ್ಟೆ ಹೊಲಿಯುವುದು ಗಂಡಸರ ಪಾಲು, ಮೇಲ್ಭಾಗದ ಕಸೂತಿ ಹೆಂಗಸರ ಪಾಲು. ಅಡುಗೆ, ಮಕ್ಕಳು, ನೀರು ಎಲ್ಲ ಮುಗಿದ ಮೇಲೆ ಬಾಗಿಲ ಬೆಳಕಿನಲ್ಲಿ ಕುಳಿತು ಅವರು ಹೊಲಿಯುತ್ತಾರೆ. ಕೊಳ್ಳುವವರು ಮೊದಲು ನೋಡುವುದು ಆ ಹೂವನ್ನೇ. ಆದರೂ ಅದು ಮನೆಗೆಲಸದ ಲೆಕ್ಕಕ್ಕೆ ಸೇರಿಹೋಗಿ ಬೇರೆ ಕೂಲಿ ಕಾಣದಿರುವುದೇ ಹೆಚ್ಚು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಕಚ್ಛ್‌ನ ಬನ್ನಿ ಹುಲ್ಲುಗಾವಲಿನ ಕಡೆಯ ಮೇಘವಾಲ ಕುಶಲಕರ್ಮಿಗಳ ರೀತಿ ಬೇರೆ. ಅವರು ಚರ್ಮದಲ್ಲಿ ಸಣ್ಣ ಆಕೃತಿಗಳನ್ನು ಉಳಿಯಿಂದ ಕೊರೆದು ತೆಗೆಯುತ್ತಾರೆ. ಆ ತೂತುಗಳ ಅಂಚಿನಲ್ಲಿ ಬಣ್ಣದ ದಾರ ಓಡುತ್ತದೆ, ಅಂಚಿಗೆ ಗೊಂಡೆಗಳು ತೂಗುತ್ತವೆ. ಬೀಸಣಿಗೆ, ಕನ್ನಡಿಯ ಚೌಕಟ್ಟು, ಬಟುವೆ ಇವೆಲ್ಲ ಹೀಗೆ ತಯಾರಾಗುತ್ತವೆ. 1948ರಲ್ಲಿ ಕಚ್ಛ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಕಸುಬುದಾರರಿಗೆ ಅರಮನೆಯ ಆಶ್ರಯ ತಪ್ಪಿತು. 2001ರ ಜನವರಿ 26ರ ಭೂಕಂಪ ಊರುಗಳನ್ನೇ ಉರುಳಿಸಿತು. ಅಂಥ ನಾಡಿನಲ್ಲಿ ಈ ಕೆಲಸ ಇನ್ನೂ ನಡೆದಿದೆ ಎಂದರೆ ಸಾಮಾನ್ಯ ಸಂಗತಿಯಲ್ಲ.

ನಮ್ಮ ಕಡೆಗೆ ಬಂದರೆ, ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವವರಿದ್ದಾರೆ. ಅದರ ಅಲಂಕಾರ ಹೆಚ್ಚಾಗಿ ಚರ್ಮದಿಂದಲೇ: ತೆಳುವಾಗಿ ಸೀಳಿದ ಎಳೆಗಳ ಜಡೆ, ಗೊಂಡೆ, ಕೊರೆದ ಚಿತ್ತಾರ. ಕೆಲವದಕ್ಕೆ ಜರಿಯೂ ಸೇರುತ್ತದೆ. ಜಡೆ ಹೆಣೆಯುವವರು ಇಲ್ಲಿಯೂ ಹೆಂಗಸರೇ. ಈ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಸೂಚಿ ಮನ್ನಣೆ ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಗಳನ್ನು ಮೂಲದ ಹೆಸರು ಹೇಳದೆ ತೋರಿಸಿತು. ಗದ್ದಲವಾದ ಮೇಲೆ ಅದು ಭಾರತೀಯ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ದೂರದವರನ್ನು ದೂರುವುದು ಸುಲಭ. ಕಲ್ಯಾಣದ ಸಮಗಾರ ಹರಳಯ್ಯನ ಕತೆಯನ್ನು ನಾವು ಪಠ್ಯದಲ್ಲಿ ಓದಿ ಕಣ್ಣೊದ್ದೆ ಮಾಡಿಕೊಳ್ಳುತ್ತೇವೆ. ಆದರೆ ನಮ್ಮ ಬೀದಿಯ ಮೂಲೆಯಲ್ಲಿ ಕುಳಿತು ಚಪ್ಪಲಿ ಹೊಲಿಯುವವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ದಾರದ ವಿಷಯವನ್ನು ಬೇಗ ಮುಗಿಸುತ್ತೇನೆ. ಹಿಂದೆ ರೇಷ್ಮೆ, ಈಗ ಹೆಚ್ಚಾಗಿ ರೇಯಾನ್ ಮತ್ತು ಪಾಲಿಯೆಸ್ಟರ್. ಮರದ ತೊಗಟೆಯಿಂದ ಹದಮಾಡಿದ ಚರ್ಮದಲ್ಲಿ ಸ್ವಲ್ಪ ಆಮ್ಲದ ಗುಣ ಇರುತ್ತದೆ. ಹತ್ತಿಯ ದಾರ ಅದಕ್ಕೆ ಕಾಲಕ್ರಮದಲ್ಲಿ ಸೋಲುತ್ತದೆ. ಅಗ್ಗದ ಜರಿಯೊಳಗೆ ತಾಮ್ರವಿದ್ದರೆ ಬೆವರು ತಾಗಿ ಹಸಿರು ಕಿಲುಬು ಹಿಡಿಯುತ್ತದೆ. ಕಸೂತಿಯ ಚಪ್ಪಲಿ ನೆನೆದರೆ ಬಿಸಿಲಿಗೆ ಇಡಬೇಡಿ, ಚರ್ಮ ಒಣಗಿ ಕುಗ್ಗಿದಾಗ ಹೊಲಿಗೆ ಸುಕ್ಕಾಗುತ್ತದೆ. ಒಳಗೆ ಹಳೆಯ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿ.

ಇನ್ನು ನಿಮ್ಮ ಕೈಗೆ ಒಂದು ಕೆಲಸ. ಬಳಸಿ ಬಿಟ್ಟ ಚರ್ಮದ ಬೆಲ್ಟ್ ಒಂದನ್ನು ಹುಡುಕಿ. ರೆಕ್ಸಿನ್ ಬೇಡ, ಕತ್ತರಿಸಿದ ಅಂಚಿನಲ್ಲಿ ನಾರು ಕಂಡರೆ ಅದು ಚರ್ಮ. ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದು 4 ಮಿಲಿಮೀಟರಿಗೆ ಒಂದರಂತೆ ಚುಕ್ಕೆ ಇಡಿ. ಕೆಳಗೆ ಮರದ ತುಂಡು ಇಟ್ಟು, ಹಿರಿಯರ ಎದುರಿನಲ್ಲಿ, ದಬ್ಬಳದಿಂದ ತೂತು ಮಾಡಿ. ಆರಿ ಇಲ್ಲದಿದ್ದರೆ ಲೇಸ್ ಹೆಣೆಯುವ ಸಣ್ಣ ಕ್ರೋಷಾ ಕಡ್ಡಿ ಸಾಕು. ಕೆಂಪು ದಾರವನ್ನು ಕೆಳಗೆ ಹಿಡಿದು ಕುಣಿಕೆಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆಯಿರಿ. ಹತ್ತು ಕುಣಿಕೆ ಆದ ಮೇಲೆ ಕಡ್ಡಿಯನ್ನು ಕಳಚಿ, ಕೊನೆಯ ಕುಣಿಕೆಯನ್ನು ಕಟ್ಟದೆ ದಾರವನ್ನು ಒಮ್ಮೆ ಜಗ್ಗಿ ನೋಡಿ. ಎಲ್ಲವೂ ಬಿಚ್ಚಿಹೋಗುತ್ತದೆ, ತೂತುಗಳು ಮಾತ್ರ ಉಳಿಯುತ್ತವೆ. ಆಮೇಲೆ ಅವೇ ತೂತುಗಳಲ್ಲಿ ಮತ್ತೆ ಹೊಲಿದು, ಈ ಬಾರಿ ತುದಿಯನ್ನು ಕೆಳಗಿಳಿಸಿ ಗಂಟು ಹಾಕಿ.